ಮಿಕ್ಸಿಂಗ್ ಅಣ್ಣ ಹರಿಸಿದ ನೀರು

ಮೊನ್ನೆ ಕಡೂರಿನಲ್ಲಿ ನನ್ನ ಲ್ಯಾಪ್‌ಟಾಪನ್ನು ರಿಪೇರಿಗೆ ಕೊಟ್ಟಿದ್ದೆ. ಫ್ಯಾನು ಗುರ್ರೆನ್ನುತ್ತಿತ್ತು. ಅಂಗಡಿಯಾಕೆ ಹಿಂಬದಿಯ ಮುಚ್ಚಳ ಬಿಚ್ಚಿ ಬ್ಲೋಯರ್ ಹಿಡಿದಳು. ಬಿಸಿ ಧೂಳು ಭುಸ್ಸೆಂದು ಎದ್ದು, ಗೋಡೆಯ ಮೇಲಿನ ದೇವರ ಪಟಕ್ಕೆ ಹಚ್ಚಿದ್ದ ಊದುಬತ್ತಿಯ ಹೊಗೆಯ ಜೊತೆ ಸೇರಿಕೊಂಡಿತು. ಕಾದ ಪ್ಲಾಸ್ಟಿಕ್ಕು, ಸುಟ್ಟ ಧೂಳು, ಅಗ್ಗದ ಮಲ್ಲಿಗೆ ಊದುಬತ್ತಿ... ಇವೆಲ್ಲ ಸೇರಿದ ವಾಸನೆ ಜಗತ್ತಿನಲ್ಲಿ ಒಂದೇ ಕಡೆ ಇತ್ತು ಎಂದು ನಾನು ತಿಳಿದಿದ್ದೆ. ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದೆ, ಬೇಕರಿಯ ಮೇಲಿನ ಮಹಡಿಯಲ್ಲಿ, ಮಿಕ್ಸಿಂಗ್ ಅಣ್ಣನ ಅಂಗಡಿಯಲ್ಲಿ.

ವಾಸನೆಯಿಂದ ನೆನಪು ಉಕ್ಕಿ ಬಂತು ಎಂದು ಬರೆಯುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗ ನಾನೇ ಬರೆಯುತ್ತಿದ್ದೇನೆ. ಇದಕ್ಕೂ ಅವರೇ ಕಾರಣ. ಬದುಕಿದ್ದಾಗ ನನ್ನ ತಲೆ ತಿಂದದ್ದು ಅವರಿಗೆ ಸಾಲಲಿಲ್ಲ ಎಂದು ಕಾಣುತ್ತದೆ.

ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೋಗಳನ್ನು ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿ ಕೊಡುವ ಕೆಲಸಕ್ಕೆ ನಮ್ಮ ಕಡೆ ಮಿಕ್ಸಿಂಗ್ ಎನ್ನುತ್ತಾರೆ. ಅದನ್ನು ಮಾಡುತ್ತಿದ್ದವರು ಊರಿಗೆಲ್ಲ ಮಿಕ್ಸಿಂಗ್ ಅಣ್ಣ. ನಾನಾಗ ತರೀಕೆರೆಯಿಂದ ಕಡೂರಿನ ಕಾಲೇಜಿಗೆ ದಿನವೂ ಓಡಾಡುತ್ತಿದ್ದೆ. ಚರ್ಚಾಸ್ಪರ್ಧೆ ಎಲ್ಲಿದ್ದರೂ ಅಲ್ಲಿಗೆ ನಮ್ಮ ಕಾಲೇಜಿನಿಂದ ನಾನೇ ಹೋಗುತ್ತಿದ್ದುದು. ಪರವಾಗಿ ಮಾತಾಡು ಎಂದರೆ ಪರ, ವಿರೋಧವಾಗಿ ಎಂದರೆ ವಿರೋಧ. ಯಾವ ಕಡೆಯಿಂದಲಾದರೂ ಸರಿ, ಎದುರಿನವರ ಮಾತಿನಲ್ಲಿ ತೂತು ಹುಡುಕುವುದೇ ನನಗೆ ಊಟ. ಕಾಲೇಜಿನ ವಾರ್ಷಿಕೋತ್ಸವದ ಚಿತ್ರೀಕರಣಕ್ಕೆ ಬಂದಿದ್ದ ಮಿಕ್ಸಿಂಗ್ ಅಣ್ಣ ನನ್ನ ಭಾಷಣವನ್ನು ಪೂರ್ತಿ ಕೇಳಿಸಿಕೊಂಡು, ಕೊನೆಗೆ ಟ್ರೈಪಾಡು ಮಡಚುತ್ತಾ ಹತ್ತಿರ ಬಂದರು.

"ನಿನ್ ಗಂಟ್ಲು ಚೆನ್ನಾಗೈತೆ ಕಣಮ್ಮಾ. ಮಾತು ಸರಿಯಿಲ್ಲ. ಗಂಟ್ಲು ಮಾತ್ರ ನನಗೆ ಕೊಡು."

ಹೀಗೆ ಶುರುವಾಯಿತು. ಅವರ ವಿಡಿಯೋಗಳಿಗೆ ಹಿನ್ನೆಲೆಯ ಧ್ವನಿ ನನ್ನದು. "ಎರಡು ಮನಸುಗಳ ಮಧುರ ಮಿಲನ" ಎಂದು ಒಂದು ಮಧ್ಯಾಹ್ನ ಎಷ್ಟು ಬಾರಿ ಓದಿಸಿದ್ದಾರೋ ಲೆಕ್ಕವಿಲ್ಲ. ಆ ವಧೂವರರು ಒಬ್ಬರನ್ನೊಬ್ಬರು ನೋಡಿದ್ದೇ ನಿಶ್ಚಿತಾರ್ಥದ ದಿನ, ಮನಸ್ಸು ಯಾವಾಗ ಮಿಲನವಾಯಿತು ಎಂದು ನಾನು ಕೇಳುವುದು; "ಲಾಯರಮ್ಮಾ, ಮೈಕ್ ಆನ್ ಐತೆ" ಎಂದು ಅವರು ಹೇಳುವುದು. ಲಾಯರಮ್ಮ ಎಂದು ಹೆಸರಿಟ್ಟವರು ಅವರೇ. ನಾನು ಕಾನೂನು ಓದಲಿಲ್ಲ, ಓದುವ ಆಸೆಯೂ ಇರಲಿಲ್ಲ. ಎಷ್ಟು ಸಲ ತಿದ್ದಿದರೂ ಕೇಳಲಿಲ್ಲ.

ಅವರಿಗೆ ಒಂದೇ ಒಂದು ಹುಚ್ಚು. ಕಂಪ್ಯೂಟರಿನಲ್ಲಿ ನೀರು ಹರಿಸುವುದು.

ವಧೂವರರ ಫೋಟೋ ಹಿಂದೆ ಜಲಪಾತ ಇಡುವ ಮಿಕ್ಸಿಂಗ್‌ನವರು ಬೇಕಾದಷ್ಟು ಜನ ಇದ್ದರು. ಎಲ್ಲರೂ ಎಲ್ಲಿಂದಲೋ ಇಳಿಸಿಕೊಂಡ ಒಂದೇ ಜಲಪಾತ. ತರೀಕೆರೆಯಲ್ಲಿ ಯಾರ ಮದುವೆಯಾದರೂ ಅದೇ ನೀರು ಬೀಳುತ್ತಿತ್ತು. ಇವರು ಮಾತ್ರ ತಾವೇ ಮಾಡಬೇಕು ಎಂದು ಹಟ ಹಿಡಿದು ಪಾರ್ಟಿಕಲ್ ಸಿಸ್ಟಮ್ ಕಲಿತರು. ಅದರಲ್ಲಿ ನೀರನ್ನು ನೀರಾಗಿ ಬರೆಯುವುದಿಲ್ಲ. ಒಂದು ಮೂಲದಿಂದ ಸಾವಿರಾರು ಸಣ್ಣ ಕಾಳುಗಳನ್ನು ಉಗುಳಿಸಬೇಕು. ಪ್ರತಿ ಕಾಳಿಗೂ ಹುಟ್ಟುವ ಹೊತ್ತು, ಓಡುವ ವೇಗ, ಸಾಯುವ ಹೊತ್ತು ಗೊತ್ತುಮಾಡಬೇಕು. ಕೆಳಕ್ಕೆ ಎಳೆಯುವ ಬಲ ಎಷ್ಟು, ಕಲ್ಲಿಗೆ ತಾಗಿದರೆ ಎಷ್ಟು ಪುಟಿಯಬೇಕು, ಎಲ್ಲಕ್ಕೂ ಒಂದೊಂದು ಅಂಕಿ. ಕಾಳುಗಳೆಲ್ಲ ಸರಿಯಾಗಿ ಓಡತೊಡಗಿದ ಮೇಲೆ ಅವುಗಳ ಮೇಲೊಂದು ತೆಳ್ಳನೆಯ ಪೊರೆ ಹೊದಿಸಿದರೆ ನೀರು. ಅಂದರೆ, ಹಾಗೆಂದು ಅವರ ನಂಬಿಕೆ. ನನ್ನ ಕಣ್ಣಿಗೆ ಅದು ಮೂಟೆ ಒಡೆದು ಸಬ್ಬಕ್ಕಿ ಸುರಿದ ಹಾಗೆ ಕಾಣುತ್ತಿತ್ತು. ಹಾಗೆಂದು ಹೇಳಿಯೂ ಬಿಟ್ಟೆ. ಅವರು ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ಕರೆದು, ಪೊರೆ ಸ್ವಲ್ಪ ದಪ್ಪ ಮಾಡಿ ತೋರಿಸಿದರು. ಆಗ ಸಬ್ಬಕ್ಕಿ ಪಾಯಸದ ಹಾಗಿತ್ತು.

ನೀರು ಕಂಡಲ್ಲಿ ನಿಂತುಬಿಡುತ್ತಿದ್ದರು. ಪಕ್ಕದ ಲಾಡ್ಜಿನ ಟ್ಯಾಂಕು ತುಂಬಿ ಗೋಡೆಯ ಮೇಲೆ ಇಳಿಯುತ್ತಿದ್ದರೆ ಕಿಟಕಿಗೆ ಮುಖವಿಟ್ಟುಕೊಂಡು ನೋಡುವುದು. ಕೆಳಗಿನ ಬೇಕರಿಯವರು "ಅಣ್ಣಾ, ಲಾಡ್ಜ್‌ನವ್ರಿಗೆ ಒಂದ್ ಕೂಗು ಹಾಕಿ, ಮೋಟರ್ ಆಫ್ ಮಾಡ್ಲಿ" ಎಂದು ಬೇಡಿಕೊಂಡರೂ ಕೇಳಿಸಿಕೊಳ್ಳದೆ, "ನೋಡು ನೋಡು, ಸೂರಿನಂಚಿಗೆ ಬಂದ್ ಒಂದ್ ಚೂರು ಯೋಚ್ನೆ ಮಾಡಿ ಬೀಳ್ತೈತೆ" ಎಂದು ನನಗೆ ತೋರಿಸುವುದು. ನೀರು ಯೋಚನೆ ಮಾಡುವುದಿಲ್ಲ ಅಣ್ಣಾ, ಅದಕ್ಕೆ ಮೇಲ್ಮೈ ಎಳೆತ ಎನ್ನುತ್ತಾರೆ ಎಂದರೆ, "ಹೆಸರಿಟ್ಟ ತಕ್ಷಣ ಗೊತ್ತಾಗೋಯ್ತಾ?" ಎಂದು ಕೇಳುವುದು. ಇಂಥ ಮಾತಿಗೆ ಏನು ಉತ್ತರ ಕೊಡುವುದು? ವಾದದಲ್ಲಿ ಒಂದು ನಿಯಮ ಇರಬೇಕು. ಅವರಿಗೆ ಯಾವ ನಿಯಮವೂ ಇರಲಿಲ್ಲ.

ಗಿರಾಕಿಗಳು ಇನ್ನೊಂದು ತಲೆನೋವು. ದೇವನೂರು ಕಡೆಯ ಯಜಮಾನರೊಬ್ಬರು ಗೃಹಪ್ರವೇಶದ ವಿಡಿಯೋ ನೋಡಲು ಬಂದಿದ್ದರು. ಮನೆ ದಿಬ್ಬದ ಮೇಲಿತ್ತು. ಶೀರ್ಷಿಕೆಯಲ್ಲಿ ಆ ಮನೆಯ ಚಿತ್ರ, ಮುಂದೆ ಗಂಗೆ ಹರಿದು ಇಳಿದು ಹೋಗುವ ಹಾಗೆ ಮಿಕ್ಸಿಂಗ್ ಅಣ್ಣ ವಾರಗಟ್ಟಲೆ ಕೂತು ಮಾಡಿದ್ದರು. ಯಜಮಾನರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ನೀರು ಮನೆಯಿಂದ ಆಚಿಕ್ ಹೋಗ್ತೈತಲ್ರೀ. ಲಕ್ಷ್ಮೀನೇ ಎದ್ದು ಹೋದಂಗೆ. ಒಳಕ್ ಬರಂಗೆ ಮಾಡಿ."

ನಾನು ಸುಮ್ಮನಿರಬೇಕಿತ್ತು. "ಮನೆ ಎತ್ತರದಲ್ಲೈತಲ್ಲ ಯಜಮಾನ್ರೇ, ನೀರು ಹೆಂಗೆ ಹತ್ತುತ್ತೆ?"

"ಮೋಟರ್ ಹಾಕುದ್ರೆ ಹತ್ತಲ್ವೇನಮ್ಮಾ?"

ಮಿಕ್ಸಿಂಗ್ ಅಣ್ಣ ಕಂಪ್ಯೂಟರಿನ ಕಡೆ ತಿರುಗಿದರು. ಎಳೆಯುವ ಬಲದ ಅಂಕಿಯ ಹಿಂದಿದ್ದ ಮೈನಸ್ಸನ್ನು ಅಳಿಸಿದರು. ಗಂಗೆ ನೆಟ್ಟಗೆ ದಿಬ್ಬ ಹತ್ತಿ ಹೊಸಿಲು ದಾಟಿ ಒಳಗೆ ಹೋಯಿತು. ಯಜಮಾನರು ಕೈಮುಗಿದರು. ಅವರು ಮೆಟ್ಟಿಲಿಳಿದ ಮೇಲೆ ಮಿಕ್ಸಿಂಗ್ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. ವಾಸ್ತು ಎಂದರೆ ಅವರಿಗೆ ಅಷ್ಟೇ. ಗಿರಾಕಿಯ ಎದುರು ಗಂಭೀರ, ಬೆನ್ನ ಹಿಂದೆ ನಗು. ಇದನ್ನು ಗಮನದಲ್ಲಿಡಿ, ಯಾಕೆಂದರೆ ನನ್ನ ಸಿಟ್ಟೆಲ್ಲ ಮುಂದೆ ಇದರ ಸುತ್ತಲೇ ಸುತ್ತುತ್ತದೆ.

"ಇದು ಸುಳ್ಳಲ್ವಾ ಅಣ್ಣಾ?" ಎಂದು ಕೇಳಿದೆ.

"ನಮ್ ನೀರು ನಾವ್ ಹೇಳ್ದಂಗೆ ಕೇಳ್ತೈತೆ. ಸುಳ್ಳು ಎಲ್ಲಿ ಬಂತು?"

ತರೀಕೆರೆಯಿಂದ ಅಜ್ಜಂಪುರಕ್ಕೆ ಹೋಗುವ ರಸ್ತೆಯಲ್ಲಿ ಒಂದು ಹೊಸ ಲೇಔಟು ಆಯಿತು. ಮೊದಲು ಅಲ್ಲಿ ರಾಗಿ ಹೊಲ, ನಡುವೆ ಮಳೆ ಬಂದಾಗ ಮಾತ್ರ ಹರಿಯುವ ಒಂದು ಹಳ್ಳ. ಲೇಔಟಿನವರು ಹಳ್ಳಕ್ಕೆ ಮಣ್ಣು ತುಂಬಿ, ಮಟ್ಟ ಮಾಡಿ, ಸೈಟುಗಳಿಗೆ ಕಲ್ಲು ನೆಟ್ಟರು. ಜಾಹೀರಾತಿನ ವಿಡಿಯೋ ಮಾಡಲು ಮಿಕ್ಸಿಂಗ್ ಅಣ್ಣನಿಗೆ ಹೇಳಿದರು. ಸೈಟುಗಳ ಅಂಚಿನಲ್ಲಿ, ಪಾರ್ಕಿನ ಪಕ್ಕ, ಒಂದು ಚೆಂದದ ತೊರೆ ಹರಿಯಬೇಕು. ಅಂಥ ತೊರೆ ಅಲ್ಲಿ ಇರಲಿಲ್ಲ, ಬಿಡಿ. "ಜುಳುಜುಳು ತೊರೆಯ ತಂಪಿನಲ್ಲಿ ನಿಮ್ಮ ಕನಸಿನ ಮನೆ" ಎಂದು ನನ್ನ ಕೈಲಿ ಓದಿಸಿದರು. ತೊರೆ ಎಲ್ಲಿದೆ ಎಂದು ಕೇಳಿದ್ದಕ್ಕೆ, "ಮಾಡ್ತಾ ಇದೀನಲ್ಲ" ಎಂದರು.

ತಾಲ್ಲೂಕಿನಲ್ಲೇ ಯಾರೂ ಇಂಥದ್ದೊಂದು ಮಾಡಿರಬಾರದು ಎನ್ನುವ ಜಂಬ ಅವರಿಗೆ. ನೀರು ಚೆನ್ನಾಗಿ ಬರಬೇಕಾದರೆ ನೆಲ ಚೆನ್ನಾಗಿರಬೇಕು ಎಂದು, ಲೇಔಟಿನವರ ಹತ್ತಿರ ಸರ್ವೆಯ ನಕ್ಷೆ ಇಸಿದುಕೊಂಡು ಬಂದು, ಅದರಲ್ಲಿದ್ದ ಎತ್ತರ ತಗ್ಗುಗಳನ್ನೆಲ್ಲ ಒಂದೊಂದಾಗಿ ಕಂಪ್ಯೂಟರಿಗೆ ಕೊಟ್ಟರು. ಮಣ್ಣು ತುಂಬುವುದಕ್ಕೆ ಮುಂಚಿನ ನಕ್ಷೆ ಅದು. ಎಲ್ಲ ಮುಗಿದು, ಎತ್ತರದ ಮೂಲೆಯಿಂದ ಕಾಳು ಬಿಟ್ಟ ದಿನ ನಾನು ಅವರ ಹಿಂದೆಯೇ ನಿಂತಿದ್ದೆ.

ಕಾಳುಗಳು ಪಾರ್ಕಿನ ಕಡೆ ತಿರುಗಿಯೂ ನೋಡಲಿಲ್ಲ. ಸೈಟುಗಳ ನಡುವೆ ನುಗ್ಗಿದವು. ಅಲ್ಲೊಂದು ಕಡೆ ಗುಂಪುಗೂಡಿ, ಬಲಕ್ಕೆ ಬಾಗಿ, ರಸ್ತೆಯ ಮೋರಿಯ ಕಡೆಗೆ ಸಾಲು ಹಿಡಿದು ಹೋದವು. ಯಾರೋ ದಾರಿ ಹೇಳಿಕೊಟ್ಟ ಹಾಗೆ. ಅವರು ವೇಗದ ಅಂಕಿ ಬದಲಿಸಿದರು, ಭಾರದ ಅಂಕಿ ಬದಲಿಸಿದರು, ಬೈದರು, ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದರು. ಕಾಳುಗಳು ಅಲ್ಲೇ ನುಗ್ಗಿ ಅಲ್ಲೇ ಬಾಗಿದವು. ಕೊನೆಗೆ ಸೈಟುಗಳ ಮೇಲ್ಗಡೆ ಅವರು ಓರೆಯಾಗಿ ಒಂದು ಗೋಡೆ ನಿಲ್ಲಿಸಿದರು. ಕಾಳುಗಳು ತಾಗಿ ತಿರುಗಬೇಕು, ನೋಡುವವರಿಗೆ ಮಾತ್ರ ಕಾಣಬಾರದು. ಅದಕ್ಕೊಂದು ಗುಂಡಿ ಇದೆ, ಒತ್ತಿದರೆ ಗೋಡೆ ಮಾಯ. ನೀರು ಗೋಡೆಗೆ ಬಡಿದು, ತಿರುಗಿ, ವಿನಯದಿಂದ ಪಾರ್ಕಿನ ಪಕ್ಕ ಹರಿಯಿತು. ಲೇಔಟಿನವರಿಗೆ ಬಹಳ ಇಷ್ಟವಾಯಿತು.

ಇಲ್ಲಿಯವರೆಗೂ ಸರಿ. ಜಾಹೀರಾತು ಸುಳ್ಳು ಹೇಳುವುದು ಹೊಸ ವಿಷಯವೇನಲ್ಲ. ಆದರೆ ಒಂದೆರಡು ತಿಂಗಳಿಗೆ ಮಿಕ್ಸಿಂಗ್ ಅಣ್ಣ ಪೇಡದ ಪೊಟ್ಟಣ ಹಿಡಿದುಕೊಂಡು ಬಂದು, ಅದೇ ಲೇಔಟಿನಲ್ಲಿ ತಾವೂ ಒಂದು ಸೈಟು ತೆಗೆದುಕೊಂಡಿದ್ದಾಗಿ ಹೇಳಿದರು. ಯಾವ ಸೈಟು ಎಂದು ಕೇಳಿದೆ. ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಕಾಳುಗಳು ಗುಂಪುಗೂಡಿ ಬಲಕ್ಕೆ ಬಾಗಿದ ಜಾಗ.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಂಗಡಿಯ ಮುಂಭಾಗದಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದರು. ಮದುವೆಯಾದಂದಿನಿಂದ ಬಾಡಿಗೆ ಮನೆ. ಮೊಳೆ ಹೊಡೆದರೆ ಓನರು, ಬಟ್ಟೆ ಒಣಹಾಕಿದರೆ ಓನರು. ಗೋಡೆಗೆ ಮೊಳೆ ಹೊಡೆಯಲು ಯಾರನ್ನೂ ಕೇಳಬೇಕಾಗಿಲ್ಲದ ಒಂದು ಮನೆ, ಅಷ್ಟೇ ಅವರಿಗೆ ಬೇಕಿದ್ದುದು. ಇಬ್ಬರೂ ದುಡಿದದ್ದೆಲ್ಲ ಆ ನೆಲಕ್ಕೆ ಹೋಗಿತ್ತು. ಅಂದರೆ ಆ ಹಳ್ಳಕ್ಕೆ.

ನಾನು ಆ ದಿನ ಮಾಡಿದಷ್ಟು ಚೆನ್ನಾಗಿ ಯಾವ ವೇದಿಕೆಯ ಮೇಲೂ ವಾದ ಮಾಡಿಲ್ಲ.

"ಅಣ್ಣಾ, ನಿಮ್ಮ ಕಾಳೇ ಹೇಳ್ತಲ್ಲ ನೀರು ಅಲ್ಲೇ ಬರೋದು ಅಂತ?"

"ಅದು ಹಳೇ ನಕ್ಷೆ ಕಣಮ್ಮಾ. ಈಗ ಮಣ್ಣು ತುಂಬವ್ರೆ."

"ಮಣ್ಣು ತುಂಬಿರೋದು ಮೇಲಿಂದ ಬರೋ ನೀರಿಗೆ ಗೊತ್ತಿದೆಯಾ?"

"ಎಲ್ಲಮ್ಮಾ ಬರ್ತೈತೆ ನೀರು? ಆ ಹಳ್ಳ ಹರಿದಿದ್ದನ್ನ ಈಚೆಗೆ ಯಾರು ನೋಡವ್ರೆ?"

"ಹರಿಯಲ್ಲ ಅಂದ್ರೆ ರಸ್ತೆಗೆ ಮೋರಿ ಯಾಕೆ ಕಟ್ಟಿದ್ರು?"

"ಕಂಟ್ರಾಕ್ಟರ್‌ಗೆ ಬಿಲ್ಲಾಗ್ಬೇಕಲ್ಲ, ಅದುಕ್ಕೆ."

ಬಾಗಿಲ ಬಳಿ ರವಿಕೆಗೆ ಕಾಜಾ ಹಾಕುತ್ತಿದ್ದ ಅಕ್ಕ ನಕ್ಕುಬಿಟ್ಟರು. ನಾನು ಬಿಡಲಿಲ್ಲ. ನೆಲದ ಎತ್ತರ ತಗ್ಗುಗಳನ್ನು ಕೊಟ್ಟವರು ನೀವೇ, ಎಳೆಯುವ ಬಲ ಕೊಟ್ಟವರು ನೀವೇ, ನಿಮ್ಮ ನೀರೇ ನಿಮಗೆ ಸಾಕ್ಷಿ ಹೇಳುತ್ತಿದೆ ಎಂದೆ. ಆಗ ಅವರು ಕುರ್ಚಿ ತಿರುಗಿಸಿ ನನ್ನ ಮುಖ ನೋಡಿದ್ದು ಇವತ್ತಿಗೂ...

"ಲಾಯರಮ್ಮಾ, ಇಷ್ಟ್ ದಿನ ನನ್ ನೀರು ಸುಳ್ಳು, ಸಬ್ಬಕ್ಕಿ, ಪಾಯ್ಸ ಅಂತಿದ್ದೋಳು ನೀನೇ ತಾನೆ? ನಿನಗ್ ಬೇಕಾದಾಗ ಸಾಕ್ಷಿ, ಬ್ಯಾಡ್ದಾಗ ಸಬ್ಬಕ್ಕಿ. ಯಾವ್ದು ಒಂದ್ ಹೇಳು."

ಎರಡಕ್ಕೂ ವ್ಯತ್ಯಾಸವಿದೆ, ಮೈನಸ್ಸು ಅಳಿಸಿ ದಿಬ್ಬ ಹತ್ತಿಸಿದ ನೀರು ಬೇರೆ, ಇದ್ದ ನೆಲವನ್ನು ಇದ್ದ ಹಾಗೆ ಕೊಟ್ಟು ಬಿಟ್ಟ ನೀರು ಬೇರೆ. ಈ ಉತ್ತರ ನನಗೆ ಹೊಳೆದದ್ದು ಮನೆಗೆ ಹೋಗಿ ಕೈಕಾಲು ತೊಳೆಯುವಾಗ. ಮರುದಿನ ಓಡಿ ಬಂದು ಹೇಳಿದೆ. "ಟೈಮ್ ಮುಗ್ದೋಯ್ತು, ಬೆಲ್ ಹೊಡ್ದಾಯ್ತು" ಎಂದು ಇಯರ್‌ಫೋನ್ ಹಾಕಿಕೊಂಡರು. ಚರ್ಚಾಸ್ಪರ್ಧೆಯ ನಿಯಮವೊಂದನ್ನು ಅವರು ಒಪ್ಪಿಕೊಂಡದ್ದು ಅದೊಂದೇ ಸಲ.

ಮನೆ ಏಳತೊಡಗಿತು. ಪಾಯ ತೋಡಿದಾಗ ನುಣ್ಣನೆಯ ದುಂಡು ಕಲ್ಲುಗಳು ಸಿಕ್ಕವು. ನೀರು ಉರುಳಿಸದೆ ಕಲ್ಲು ಹಾಗೆ ದುಂಡಗಾಗುತ್ತದೆಯೇ? ನಾನು ಒಂದನ್ನು ಎತ್ತಿ ಅವರ ಮುಂದೆ ಹಿಡಿದೆ. "ಚೆನ್ನಾಗವೆ ಅಲ್ವಾ? ತುಳಸೀಕಟ್ಟೆ ಸುತ್ತ ಜೋಡಿಸ್ಬೋದು" ಎಂದರು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಒಬ್ಬ ಮನುಷ್ಯ ಬೇಕೆಂದೇ ಮೊಂಡನಾಗಿದ್ದರೆ ಅವನ ಜೊತೆ ಹೋರಾಡಬಹುದು. ಇವರು ಮೊಂಡುತನವನ್ನು ತಮಾಷೆ ಎಂದುಕೊಂಡಿದ್ದರು.

ಇನ್ನೊಮ್ಮೆ ಹೋದಾಗ ಕಾಂಪೌಂಡು ಕಟ್ಟುತ್ತಿದ್ದರು. ಮೂರು ಕಡೆ ಸಿಮೆಂಟಿನ ಇಟ್ಟಿಗೆ, ಎದೆಮಟ್ಟ. ಎತ್ತರದ ಕಡೆ ಮಾತ್ರ, ಅಂದರೆ ಹಳ್ಳ ಬರಬೇಕಾಗಿದ್ದ ಕಡೆ, ಸೈಜುಗಲ್ಲಿನ ಗೋಡೆ. ಆಳದಿಂದ ಎಬ್ಬಿಸಿದ್ದರು, ಅಗಲ ಎರಡು ಪಟ್ಟು, ಎತ್ತರ ಅವರ ತಲೆಗಿಂತ ಮೇಲೆ. ಸೈಟಿನ ಗಡಿಗೆ ಸರಿಯಾಗಿಯೂ ಇರಲಿಲ್ಲ; ಸ್ವಲ್ಪ ಓರೆಯಾಗಿ, ತಮ್ಮದೇ ಜಾಗವನ್ನು ಆಚೆ ಬಿಟ್ಟುಕೊಟ್ಟು ಕಟ್ಟಿಸಿದ್ದರು.

ನಾನು ಗೋಡೆಯನ್ನು ನೋಡಿದೆ, ಅವರನ್ನು ನೋಡಿದೆ.

"ಏನಣ್ಣಾ ಇದು?"

"ನೈಋತ್ಯ ಭಾರ ಇರ್ಬೇಕು ಕಣಮ್ಮಾ. ವಾಸ್ತು."

"ನೀವು ವಾಸ್ತುನ ಯಾವತ್ತು ನಂಬಿದ್ರಿ?"

"ಮನೆ ಕಟ್ಟೋ ತನಕ ಯಾರೂ ನಂಬಲ್ಲ."

"ನೀರಿಗೆ ಹೆದರಿ ಕಟ್ಟಿಸಿದ್ದೀರ. ಒಪ್ಕೊಂಬಿಡಿ."

"ವಾಸ್ತು" ಎಂದರು. ಮುಖದಲ್ಲಿ ಗಿರಾಕಿಯ ಎದುರು ಇಟ್ಟುಕೊಳ್ಳುತ್ತಿದ್ದ ಅದೇ ಗಾಂಭೀರ್ಯ. ಹಿಂದೆ ನಗುವಿತ್ತೋ ಇಲ್ಲವೋ ನಾನು ಎಷ್ಟು ದಿಟ್ಟಿಸಿದರೂ ಗೊತ್ತಾಗಲಿಲ್ಲ. ನಾನು ಹೇಳಿದ್ದು ಸರಿ ಎಂದು ಒಂದು ಸಲ, ಒಂದೇ ಒಂದು ಸಲ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಆಮೇಲಿನ ಮಳೆಗಾಲಗಳು ಅವರ ಪರ ವಹಿಸಿದವು. ಹಳ್ಳ ಹರಿಯಲೇ ಇಲ್ಲ. ಅಕ್ಕ ಇಷ್ಟಬಂದ ಗೋಡೆಗೆಲ್ಲ ಮೊಳೆ ಹೊಡೆದು ಕ್ಯಾಲೆಂಡರ್ ನೇತುಹಾಕಿಕೊಂಡರು. ನನಗೆ ಕಡೂರಿನಲ್ಲೇ ಕೆಲಸವಾಗಿ, ಮಕ್ಕಳಿಗೆ ಚರ್ಚಾಸ್ಪರ್ಧೆಯ ತಯಾರಿ ಮಾಡಿಸುವ ಹೊಣೆಯೂ ಬಂತು. ತರೀಕೆರೆಗೆ ಹೋಗುವುದು ಕಡಿಮೆಯಾಯಿತು. ಮಳೆಗಾಲ ಮುಗಿಯುತ್ತಿದ್ದ ಹಾಗೆ ಪ್ರತಿ ವರ್ಷ ಅವರ ಫೋನು. "ಲಾಯರಮ್ಮಾ, ಈ ವರ್ಷಾನೂ ನಿನ್ ಸಾಕ್ಷಿ ಕೋರ್ಟಿಗೆ ಬರ್ಲಿಲ್ಲ ಕಣೇ." ಬರುತ್ತದೆ ಎಂದು ನಾನು, ಬಂದಾಗ ಕಾಫಿ ಕುಡಿಸಿ ಕಳಿಸ್ತೀನಿ ಎಂದು ಅವರು. ಕೊನೆಯ ಸಲ ಫೋನ್ ಮಾಡಿದಾಗ ನಾನು ತರಗತಿಯಲ್ಲಿದ್ದೆ. ಆಮೇಲೆ ಮಾಡುತ್ತೇನೆ ಎಂದು ಕತ್ತರಿಸಿದೆ. ಮಾಡಿಯೂ ಮಾಡಿದೆ, ಸಂಜೆ, ಅರ್ಧ ಗಂಟೆ ಜಗಳವಾಡಿದೆವು. ಹೀಗೆ, ಕೊನೆಯ ಸಲ ಮಾತಾಡಲಿಲ್ಲವಲ್ಲ ಎಂದು ಕೊರಗುವ ಅವಕಾಶವನ್ನೂ ಅವರು ನನಗೆ ಬಿಟ್ಟುಹೋಗಲಿಲ್ಲ.

ಹೋದ ವರ್ಷ ಚಳಿ ಶುರುವಾಗುವ ಹೊತ್ತಿಗೆ, ಅಜ್ಜಂಪುರದಲ್ಲಿ ಯಾರದೋ ಮದುವೆಯ ಚಿತ್ರೀಕರಣಕ್ಕೆ ಕ್ಯಾಮೆರಾ ಜೋಡಿಸುತ್ತಿದ್ದಾಗ ಕೂತರಂತೆ. ಮತ್ತೆ ಏಳಲಿಲ್ಲ. ಮನೆಗೆ ಹೋದೆ. ಬಂದವರೆಲ್ಲ ಎಷ್ಟು ಒಳ್ಳೆಯವರು, ಎಷ್ಟು ಸಾಧು, ಯಾರಿಗೂ ಎದುರು ಮಾತಾಡಿದವರಲ್ಲ ಎನ್ನುತ್ತಿದ್ದರು. ಯಾರ ಬಗ್ಗೆ ಹೇಳುತ್ತಿದ್ದಾರೆ ಇವರೆಲ್ಲ ಎನಿಸಿತು.

ಲ್ಯಾಪ್‌ಟಾಪ್ ಅಂಗಡಿಯಲ್ಲಿ ಆ ವಾಸನೆ ಬಂದ ವಾರವೇ ಅಕ್ಕನ ಫೋನು ಬಂತು. ಕಾಕತಾಳೀಯ, ಅಷ್ಟೆ, ಇದಕ್ಕೆ ಬೇರೆ ಅರ್ಥ ಹಚ್ಚುವವರು ದಯವಿಟ್ಟು ಇಲ್ಲಿಗೇ ಓದುವುದು ನಿಲ್ಲಿಸಬಹುದು. ಹಿಂದಿನ ದಿನ ಮಧ್ಯಾಹ್ನ ಆ ಕಡೆ ಸುರಿದ ಮಳೆಗೆ ಹಳ್ಳ ಬಂದಿತ್ತು.

"ಮನೆಯೊಳಕ್ ಬಂದಿಲ್ಲ ಕಣೇ. ಆದ್ರೆ ಪಕ್ಕದ್ ಮನೆಯವ್ರು ಗೋಡೆ ಒಡೀಬೇಕು ಅಂತ ನಿಂತವ್ರೆ. ನಂಗ್ ಮಾತಾಡಾಕ್ ಬರಲ್ಲ. ಬತ್ತೀಯಾ?"

ಬೀರೂರಿನಲ್ಲಿ ಬಸ್ಸು ಬದಲಿಸಿ, ತರೀಕೆರೆಯಲ್ಲಿ ಇಳಿದು, ಆಟೋ ಹಿಡಿದು ಹೋದೆ. ಹಳ್ಳ ಆಗಲೇ ಇಳಿದಿತ್ತು. ಅದು ಬಂದು ಹೋದ ಗುರುತು ಮಾತ್ರ ಉಳಿದಿತ್ತು: ತುಂಬಿದ ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಗಿ, ಲೇಔಟಿನ ನಡುವೆ ಕೆಂಪಗೆ ಒಂದು ಸೀಳು. ಆ ಸೀಳು ನೇರವಾಗಿ ಸೈಜುಗಲ್ಲಿನ ಗೋಡೆಯವರೆಗೆ ಬಂದು, ಗೋಡೆಯ ಓರೆಗೆ ತಕ್ಕಂತೆ ತಿರುಗಿ, ಮೋರಿಯ ಕಡೆ ಹೋಗುವುದರೊಳಗೆ ಪಕ್ಕದ ಮನೆಯ ಅಡಿಗೆಮನೆಯನ್ನು ಹೊಕ್ಕು ಬಂದಿತ್ತು. ಅಕ್ಕನ ಅಂಗಳದಲ್ಲಿ ರಂಗೋಲಿ ಅಳಿಸಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ನನಗೆ ಮೊದಲು ಆದದ್ದು ಸಂತೋಷ. ಬಂತಲ್ಲ! ಇಷ್ಟು ವರ್ಷಕ್ಕೆ ಬಂತಲ್ಲ, ನಾನು ಹೇಳಿದ ಜಾಗದಲ್ಲೇ! ಫೋನು ಕೈಗೆ ತೆಗೆದುಕೊಂಡೂ ಬಿಟ್ಟಿದ್ದೆ. ಯಾರಿಗೆ ಮಾಡಲು ತೆಗೆದೆ ಎಂದು ಗೊತ್ತಾದ ಮೇಲೆ ಮತ್ತೆ ಚೀಲಕ್ಕೆ ಹಾಕಿದೆ.

ಪಕ್ಕದ ಮನೆಯ ಯಜಮಾನರು ಗೇಟಿನ ಹತ್ತಿರವೇ ಕಾದಿದ್ದರು. ಪಂಚೆಯ ತುದಿ ಇನ್ನೂ ಕೆಸರು. ಅವರ ಸಿಟ್ಟಿನಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ಅಡಿಗೆಮನೆಯಲ್ಲಿದ್ದ ರಾಗಿಹಿಟ್ಟು, ಅಕ್ಕಿ ಎಲ್ಲ ಹಾಳಾಗಿತ್ತು.

"ನೋಡಮ್ಮಾ, ಆ ಪುಣ್ಯಾತ್ಮ ಹೋದೋರು, ಕೆಟ್ಟದ್ ಮಾತಾಡ್ಬಾರ್ದು. ಆದ್ರೆ ಬೇಕಂತ್ಲೇ ಕಟ್ಟವ್ರೆ. ನೀರು ಬರ್ತೈತೆ ಅಂತ ಗೊತ್ತಿದ್ದು, ತಮ್ ಕಡೆ ಬರ್ದಂಗೆ ನಮ್ ಕಡೆ ತಿರುಗ್ಸವ್ರೆ. ಗೊತ್ತಿಲ್ದಿದ್ರೆ ಗೋಡೆ ಯಾಕ್ ಓರೆ ಐತೆ? ಒಡ್ಸಿ."

ಅಕ್ಕ ಸೆರಗಿನ ತುದಿ ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದರು.

ಆ ಮನುಷ್ಯ ಹೇಳುತ್ತಿದ್ದುದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದದ್ದನ್ನೇ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ನೀರಿಗೆ ಹೆದರಿ ಕಟ್ಟಿಸಿದ್ದೀರ, ಒಪ್ಕೊಂಬಿಡಿ. ಈಗ ಅದನ್ನು ಒಪ್ಪಿಕೊಂಡರೆ ಗೋಡೆ ಹೋಗುತ್ತದೆ. ಗೋಡೆ ಹೋದರೆ ಮುಂದಿನ ಮಳೆಗೆ ಅಕ್ಕನ ಮನೆ ಹೋಗುತ್ತದೆ.

"ಯಜಮಾನ್ರೇ, ಅದು ನೈಋತ್ಯ" ಎಂದೆ.

ಅವರು ತಲೆಯೆತ್ತಿ ಗೋಡೆಯನ್ನು ನೋಡಿದರು.

"ನೈಋತ್ಯ ಭಾರ ಇರ್ಬೇಕು, ಎತ್ತರ ಇರ್ಬೇಕು. ವಾಸ್ತು ನೋಡಿ ಕಟ್ಟಿಸಿದ್ದು. ನನ್ನ ಎದುರಿಗೇ ಹಾಗಂತ ಹೇಳಿದ್ರು. ಯಜಮಾನ ಇಲ್ಲದ ಮನೇದು ನೈಋತ್ಯದ ಗೋಡೆ ಒಡೀರಿ ಅಂತ ನಿಮ್ಮ ಬಾಯಲ್ಲಿ ಬರಬಹುದಾ?"

"ಛೆ ಛೆ, ನೈಋತ್ಯ ಅಂತ ನಂಗೊತ್ತಿರ್ಲಿಲ್ಲಮ್ಮಾ" ಎಂದು ಅವರು ಒಂದು ಹೆಜ್ಜೆ ಹಿಂದೆ ಸರಿದರು. "ಹಂಗಾದ್ರೆ ಮುಟ್ಟಾದು ಬ್ಯಾಡ. ಆದ್ರೆ ನಮ್ ಗತಿ?"

ಗೋಡೆಯ ಬುಡದುದ್ದಕ್ಕೂ, ಮಿಕ್ಸಿಂಗ್ ಅಣ್ಣ ಆಚೆ ಬಿಟ್ಟುಕೊಟ್ಟಿದ್ದ ಜಾಗದಲ್ಲಿ, ಮೋರಿಯವರೆಗೆ ಒಂದು ಆಳದ ಕಾಲುವೆ ತೋಡಿಸುವುದು. ಎರಡೂ ಮನೆಯವರು ಸೇರಿ ಮಾಡಿಸುವುದು ಎಂದು ಮಾತಾಯಿತು. ಯಜಮಾನರು ನನಗೆ ಕೈಮುಗಿದು ಹೋದರು.

ಇಂಥ ಗೆಲುವು ನನಗೆ ಬೇಕಿರಲಿಲ್ಲ. ಮೋರಿಯನ್ನು ತೋರಿಸಿ ಗೆಲ್ಲಲಾಗಲಿಲ್ಲ, ದುಂಡುಕಲ್ಲು ತೋರಿಸಿ ಗೆಲ್ಲಲಾಗಲಿಲ್ಲ, ಸರ್ವೆಯ ನಕ್ಷೆಯಿಂದ ಗೆಲ್ಲಲಾಗಲಿಲ್ಲ. ನಾನು ಒಂದಿಷ್ಟೂ ನಂಬದ ಒಂದು ಪದದಿಂದ ಗೆಲ್ಲಲು ಎರಡು ನಿಮಿಷ ಹಿಡಿಯಲಿಲ್ಲ. ಅದೂ ಅವರ ಪದ. ಅವರು ಅದನ್ನು ನಂಬಿ ಹೇಳಿದ್ದರೋ, ನನ್ನನ್ನು ರೇಗಿಸಲು ಹೇಳಿದ್ದರೋ, ಇಂಥದ್ದೊಂದು ದಿನ ಪಕ್ಕದವರು ಬಂದು ಕೇಳುತ್ತಾರೆ ಎಂದು ಮೊದಲೇ ಲೆಕ್ಕ ಹಾಕಿಕೊಂಡಿದ್ದರೋ...

ಅಕ್ಕನನ್ನು ಕೇಳಿದೆ. "ಅಣ್ಣ ನಿಜವಾಗ್ಲೂ ವಾಸ್ತುಗೇ ಕಟ್ಟಿಸಿದ್ರಾ ಅಕ್ಕಾ?"

"ನಂಗೇನ್ ಗೊತ್ತೇ? ನೀವಿಬ್ರೂ ಅದನ್ನೇ ಮಾತಾಡ್ತಿದ್ರಿ. ನಾನು ಕಾಜಾ ಹಾಕ್ತಿದ್ದೆ."

ಈ ಭಾನುವಾರ ಕಾಲುವೆಯ ಕೆಲಸ ಶುರುವಾಯಿತು. ನಾನೂ ಹೋಗಿದ್ದೆ. ಗುದ್ದಲಿ ಹಿಡಿದು ಬಂದ ಇಬ್ಬರು ಗೋಡೆಯ ನಡುಮಧ್ಯೆ ನಿಂತು, ಇಲ್ಲಿಂದ ಇಳಿಜಾರು ಯಾವ ಕಡೆಗೆ ಕೊಡಬೇಕು ಎಂದು ಕೇಳಿದರು. ಕಣ್ಣಿಗೆ ನೆಲ ಮಟ್ಟಸವಾಗಿಯೇ ಕಾಣುತ್ತಿತ್ತು. ಅಕ್ಕ ಒಳಗಿನಿಂದ ಒಂದು ಬಿಂದಿಗೆ ನೀರು ತಂದುಕೊಟ್ಟರು. ಬಗ್ಗಿಸಿ ಚೆಲ್ಲಿದೆ. ನೀರು ಒಂದು ಗಳಿಗೆ ನಿಂತಲ್ಲೇ ನಿಂತು, ಹೊಳೆದು, ಆಮೇಲೆ ಬಲಕ್ಕೆ, ಮೋರಿಯ ಕಡೆಗೆ ಹೊರಟಿತು.

"ಬಲಕ್ಕೆ" ಎಂದೆ.

ಸ್ವಲ್ಪ ಹೊತ್ತು ಕಾದೆ. ಅಲ್ಲ ಎಂದು ಯಾರೂ ವಾದಕ್ಕೆ ಬರಲಿಲ್ಲ. ಅವರು ಅಗೆಯತೊಡಗಿದರು.